ಹದಿನೈದನೆಯ ಬತ್ತಿ

೧
ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ನಿದ್ದೆಯಿಂದ ಆರಂಭಿಸಿದರೆ ನೀವು ಆಕಳಿಸುತ್ತೀರಿ. ರಕ್ತದೊತ್ತಡದಿಂದ ಆರಂಭಿಸಿದರೆ ಆರೋಗ್ಯ ಪುರವಣಿಯೆಂದು ಮಡಿಸಿಡುತ್ತೀರಿ. ಆದ್ದರಿಂದ ಆರೋಪದಿಂದ ಆರಂಭಿಸುತ್ತೇನೆ. ಆರೋಪ ಕೇಳಲು ಎಲ್ಲರೂ ಎಚ್ಚರವಾಗಿರುತ್ತಾರೆ.

ಆರೋಪಿ ಮಹಾನಂದಾ. ತಿರ್ಲಾಪುರದ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಸೌಟು ಕೈಯಲ್ಲಿರುವಾಗಲೇ ನಿದ್ದೆ ಹೋಗುತ್ತಾಳೆ. ನಕ್ಕರೆ ಮೊಣಕಾಲು ಸಡಿಲಗೊಂಡು ಕುಸಿಯುತ್ತಾಳೆ. ಆಕೆಯನ್ನು ಕೆಲಸದಿಂದ ತೆಗೆಯಬೇಕೇ ಎಂಬುದನ್ನು ಶಾಲಾ ಸಮಿತಿ ಸೋಮವಾರ ತೀರ್ಮಾನಿಸಲಿದೆ. ಆಕೆ ಕೇಳಿಕೊಂಡದ್ದು ಇಷ್ಟೇ: "ಒಲಿ ಮುಂದ ನನ್ನ ನಿಂದರಸಬ್ಯಾಡ್ರಿ. ಅಕ್ಕಿ ಹಸನ ಮಾಡ್ತೀನಿ, ಹುಡುಗರಿಗೆ ಬಡಸ್ತೀನಿ. ತಗದ ಮಾತ್ರ ಹಾಕಬ್ಯಾಡ್ರಿ."

೨
(ಈ ಭಾಗವನ್ನು ಹೊಡೆದುಹಾಕಲಾಗಿದೆ. ಆದರೂ ಓದಿ, ನನ್ನ ಅಪರಾಧ ನಿಮಗೆ ತಿಳಿದಿರಲಿ.)

ಮೊದಲ ಡ್ರಾಫ್ಟಿನಲ್ಲಿ ನಾನು ಮಹಾನಂದಾಳನ್ನು ರಾತ್ರಿ ಹೊರಗೆ ಕಳಿಸಿದ್ದೆ. ಗಂಡ ಸುಭಾಸ ಹುಬ್ಬಳ್ಳಿಯಲ್ಲಿ ರಾತ್ರಿಪಾಳಿಯ ಕೆಲಸಗಾರ, ಸಸ್ಪೆನ್ಸಿಗೆ ಅನುಕೂಲವಾಗಿತ್ತು. ಹೆಂಗಸೊಬ್ಬಳು ಹಗಲು ತೂಕಡಿಸಿದರೆ ಅವಳ ರಾತ್ರಿಯನ್ನು ತಪಾಸಣೆ ಮಾಡುವುದು ಊರಿನ ಚಟ ಮಾತ್ರವಲ್ಲ, ಕಥೆಗಾರರ ಚಟವೂ ಹೌದು.

"ಎಲ್ಲಿಗಿ ಕಳಸಾಕ ಹತ್ತೀರಿ ನನ್ನ?" ಎಂದು ಮಹಾನಂದಾ ಪುಟದೊಳಗಿಂದಲೇ ಕೇಳಿದಳು.

"ಇನ್ನೂ ಯೋಚಿಸಿಲ್ಲ."

"ಊರ ಮಂದೀನ ವಾಸಿ ಬಿಡ್ರಿ. ಅವರು ಯಾರ ಮನಿಗಿ ಅಂತಾದ್ರೂ ಹೇಳ್ತಾರ."

ಕೆಂಪು ಶಾಯಿಯಿಂದ ಹೊಡೆದುಹಾಕಿದೆ.

೩
ಸತ್ಯಸಂಗತಿ. ಹೊತ್ತುಗೊತ್ತಿಲ್ಲದೆ ನಿದ್ದೆ ಎರಗುವ ಈ ಕಾಯಿಲೆಗೆ ಧಾರವಾಡದ ವೈದ್ಯರು ನಾರ್ಕೊಲೆಪ್ಸಿ ಎಂದರು. ಒಂದು ಹಗಲು ಒಂದು ರಾತ್ರಿ ಆಕೆಯ ತೋಳಿಗೆ ಬಿಪಿ ಅಳೆಯುವ ಪಟ್ಟಿ ಕಟ್ಟಿ ಕಳಿಸಿದರು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅರ್ಧ ತಾಸಿಗೊಮ್ಮೆ, ಒಟ್ಟು ಹದಿನೈದು ಸಲ, ಯಂತ್ರ ತಾನಾಗಿಯೇ ಅಳೆಯಿತು.

ಆರೋಗ್ಯವಂತರು ಮಲಗಿದಾಗ ರಕ್ತದೊತ್ತಡ ಹತ್ತರಲ್ಲಿ ಒಂದು ಪಾಲಾದರೂ ಇಳಿಯುತ್ತದೆ. ಈ ಕಾಯಿಲೆಯಿದ್ದ ಅನೇಕರಲ್ಲಿ ಅದು ಸರಿಯಾಗಿ ಇಳಿಯುವುದಿಲ್ಲ. ಕಣ್ಣು ಮುಚ್ಚಿರುತ್ತದೆ, ರಕ್ತ ಮಾತ್ರ ಎದ್ದವರ ರಕ್ತದಂತೆ ಒತ್ತುತ್ತಿರುತ್ತದೆ. ಎಚ್ಚರವಿಡುವ ಮಾತ್ರೆ ಕೊಟ್ಟರೆ ಒತ್ತಡ ಇನ್ನೂ ಏರಬಹುದೆಂದು ವೈದ್ಯರು ಅಂಜುತ್ತಲೇ ಅರ್ಧ ಮಾತ್ರೆ ಬರೆದರು. ಮಹಾನಂದಾಳ ಸರಾಸರಿ ಹಗಲು ನೂರಾ ಮೂವತ್ತೆರಡು, ರಾತ್ರಿ ನೂರಾ ಇಪ್ಪತ್ತೊಂಬತ್ತು. (ಅಂಕಿ ನಾನು ಹಾಕಿದ್ದು. ಸಂಶಯ ಬಂದರೆ ಒಳ್ಳೆಯದೇ. ಸಂಶಯಕ್ಕೆ ಕಥೆಗಾರರಷ್ಟು ಅರ್ಹರು ಬೇರೆ ಯಾರೂ ಇಲ್ಲ.)

೪
ಸೋಮವಾರ. ಸಮಿತಿಯ ಅಧ್ಯಕ್ಷ ಪುಂಡಲೀಕ ವರದಿಯನ್ನು ಕೈಗೆತ್ತಿಕೊಂಡ. ಎರಡನೆಯ ಪುಟದಲ್ಲಿ ವೈದ್ಯರ ವಿವರಣೆಯಿತ್ತು, ಅದು ಇಂಗ್ಲಿಷಿನಲ್ಲಿತ್ತು. ಅಂಕಿಗೆ ಭಾಷೆ ಬೇಡವೆಂದು ಸಮಿತಿ ಮೊದಲ ಪುಟದಲ್ಲೇ ನಿಂತಿತು. ಶಾಲೆಯ ಗೋಡೆಗಳ ನಡುವೆ ಯಾವ ಕೋಷ್ಟಕ ಬಂದರೂ ಹಾಜರಿ ಪುಸ್ತಕವೇ ಆಗಿಬಿಡುತ್ತದೆ. ಪುಂಡಲೀಕ ಹಾಜರಿ ಕೂಗುವ ಧ್ವನಿಯಲ್ಲೇ ಓದಿದ.

"ಮಲಗಿದವರಿಗಿ ಬಿಪಿ ಇಳೀತೈತಿ. ಇದು ನನಗೂ ಗೊತ್ತೈತಿ. ಇಕೀದು ಇಳದಿಲ್ಲ. ಅಂದ್ರ ರಾತ್ರಿ ಈ ತಂಗಿ ಎಚ್ಚರದಾಳ. ಎಚ್ಚರಿದ್ದು ಏನ ಮಾಡ್ತಿದ್ಲು ಅಂತ ಮಷಿನ್ ಹೇಳಂಗಿಲ್ಲ. ಮಷಿನ್ನಿಗೂ ಮರ್ಯಾದಿ ಐತಿ."

ಎಲ್ಲರೂ ನಕ್ಕರು. ಮಹಾನಂದಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು. ನಗುವಿಗಷ್ಟೇ ಅಲ್ಲ, ಸಿಟ್ಟಿಗೂ ಆಕೆಯ ಮೊಣಕಾಲು ಸೋಲುತ್ತದೆ. ಅವಮಾನವಾದಾಗ ಸಿಟ್ಟಾಗುವುದು ಮನುಷ್ಯರ ಕನಿಷ್ಠ ಹಕ್ಕು. ಈಕೆಗೆ ಅದೂ ಇಲ್ಲ.

೫
ಆಗ ಆಕೆಯ ಅತ್ತೆ ಗುರವ್ವ ಹಿತ್ತಾಳೆಯ ತಟ್ಟೆ ತಂದು ಮೇಜಿನ ಮೇಲಿಟ್ಟಳು. ತಟ್ಟೆಯಲ್ಲಿ ಹತ್ತಿಯ ಬತ್ತಿಗಳಿದ್ದವು, ಬಾಜುವಿಗೆ ಒಂದು ಹಿಡಿ ಹತ್ತಿ.

"ಇದೇನಬೇ, ಪೂಜಿ ಮಾಡ್ತೀಯೇನು?" ಎಂದ ಪುಂಡಲೀಕ.

"ನಿನಗಲ್ಲ ಬಿಡಪಾ. ನಾನೂ ಇಕೀ ಮ್ಯಾಲೆ ಸಂಶಯ ಪಟ್ಟಕೀನ. ಕಾಯಾಕಂತನ ಬಾಜೂಕ ಹಾಸಿಗಿ ಹಾಕಿದ್ದೆ. ಆ ಮಷಿನ್ ಗುರ್ ಅಂದಾಗೊಮ್ಮೆ ಎದ್ದು ಕುಂತು ಇಕೀ ಮಾರಿ ನೋಡೀನಿ. ಮಲಗಿದ್ರ ಒಂದು ಬತ್ತಿ ಹೊಸ್ದೀನಿ. ಎಣಸು."

ಎಣಿಸಿದರು. ಹದಿನಾಲ್ಕು.

"ಮಷಿನ್ ಹದಿನೈದ ಅಂತೈತಿ. ಒಂದ ಕಡಿಮಿ ಐತೆಲ್ಲಬೇ."

"ಒಮ್ಮೆ ನನಗೂ ಕಣ್ಣು ಹತ್ತಿರಬೇಕು."

"ಇರಬೇಕು ಅಂದ್ರ ನಡಿಯಂಗಿಲ್ಲ. ಆ ಅರ್ಧ ತಾಸು ಇಕಿ ಎಲ್ಲಿದ್ಲು?"

"ಆ ಅರ್ಧ ತಾಸು ನೀ ಎಲ್ಲಿದ್ದೆಪಾ?"

೬
ಇಲ್ಲಿ ನನ್ನ ಕೈ ತುರಿಸುತ್ತಿದೆ. ಮುಕ್ತಾಯಗಳು ಸಾಲುಗಟ್ಟಿ ನಿಂತಿವೆ.

ಪುಂಡಲೀಕ ಸಭೆಯಲ್ಲೇ ಗೊರಕೆ ಹೊಡೆಯಬಹುದು. (ಅಗ್ಗದ ನ್ಯಾಯ. ನಾಲ್ಕನೇ ಇಯತ್ತೆಯ ಮಕ್ಕಳೂ ಒಪ್ಪುವುದಿಲ್ಲ.) ಇಲ್ಲವೇ ಗುರವ್ವನ ಸೆರಗಿನ ಗಂಟಿನಿಂದ ಹದಿನೈದನೆಯ ಬತ್ತಿ ಜಾರಿ ಬೀಳಬಹುದು. ನನಗೆ ಒಂದೇ ವಾಕ್ಯದ ಕೆಲಸ. ಬರೆದೂಬಿಟ್ಟೆ: "ಆಗ ಸೆರಗಿನಿಂದ..."

"ಅದನ್ನ ಹೊಸೀಬ್ಯಾಡ್ರಿ," ಎಂದಳು ಮಹಾನಂದಾ.

"ನಿನ್ನ ಕೆಲಸ ಉಳಿಯುತ್ತದೆ."

"ಅದೊಂದು ಸುಳ್ಳಂತ ಗೊತ್ತಾದ್ರ ಹದಿನಾಲ್ಕೂ ಸುಳ್ಳಾಗ್ತಾವ್ರಿ. ನಮ್ಮತ್ತಿ ರಾತ್ರಿಯೆಲ್ಲಾ ಕುಂತಾಳ."

ನೀತಿಯನ್ನು ಬೋಧಿಸುತ್ತಲೇ ವಯಸ್ಸು ಕಳೆದ ನಾನು ಆ ವಾಕ್ಯವನ್ನು ಅಳಿಸಿದೆ.

೭
ಹಾಗಾಗಿ ಸಭೆ ಇನ್ನೂ ಮುಗಿದಿಲ್ಲ. ಗುರವ್ವ ಹಿಡಿ ಹತ್ತಿಯಿಂದ ಒಂದಿಷ್ಟು ಎಳೆದು, ಹೊಸೆಯದೆ, ಹಾಗೆಯೇ ಹದಿನಾಲ್ಕು ಬತ್ತಿಗಳ ಪಕ್ಕದಲ್ಲಿ ಇಟ್ಟಳು.

"ಇದು ನಾ ಮಲಗಿದ್ದು. ಬರ್ಕೋ."

ಪುಂಡಲೀಕ ಪೆನ್ನು ಹಿಡಿದು, ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಹುಡುಕುತ್ತಿದ್ದಾನೆ. ಬಾಗಿಲಲ್ಲಿ ಮಹಾನಂದಾ ಚೌಕಟ್ಟನ್ನು ಬಿಟ್ಟಿಲ್ಲ.

ನಾನು ಹೇಳಿಕೊಡುವುದಿಲ್ಲ.