ಅರ್ಧ ತೋಳಿನ ಸ್ವೆಟರುಗಳು

ಪುಸೆಲೆತ್ಸೊ ಸತ್ತು ತಿಂಗಳಾದ ಮೇಲೆ ಅವಳ ಬಟ್ಟೆಬರೆ ಹಂಚಲು ಸೋದರಮಾವ ಬೆಟ್ಟ ಇಳಿದು ಬಂದ. ಹಂಚುವ ಹಕ್ಕು ಅವನದು. ಒಳ್ಳೆಯ ಕಂಬಳಿ ಅವನ ಹೆಗಲಿಗೇ ಹೋಯಿತು. ರೇಡಿಯೊ ಅವಳ ತಮ್ಮ ತ್ಸೆಲಿಸೊನಿಗೆ, ಬೂಟುಗಳು ಚಿಕ್ಕಪ್ಪನ ಮಗಳಿಗೆ. ಉಳಿದದ್ದು ಒಂದು ಗೋಣಿಚೀಲ. ಅದನ್ನು ತ್ಸೆಲಿಸೊನ ಹೆಂಡತಿ ಮಾಕಾರಬೊಳ ಮುಂದೆ ಇಟ್ಟು, "ನಿಂಗೆ ಹೆಣಿಗೆ ಬರತ್ತಲ್ಲ ಮಗಳೇ, ಇದು ನಿಂದೇ" ಎಂದ. ಕೂತವರೆಲ್ಲ ನ್ಯಾಯವಾಯಿತೆಂದು ತಲೆಯಾಡಿಸಿದರು.

ಚೀಲದಲ್ಲಿ ಮುಗಿದ ವಸ್ತು ಒಂದೂ ಇರಲಿಲ್ಲ. ಚರ್ಚಿನ ಹೆಂಗಸರ ಸಮವಸ್ತ್ರದ ಕೆಂಪು ಸ್ವೆಟರುಗಳು, ಒಂದಕ್ಕೆ ಬೆನ್ನಿಲ್ಲ, ಇನ್ನೊಂದಕ್ಕೆ ಅರ್ಧವೇ ತೋಳು. ಅಂಗಡಿಯವನ ಹೆಂಡತಿಯ ಮೇಜಿಗೆಂದು ಶುರು ಮಾಡಿದ ಲೇಸು. ಅಂಚು ಕಟ್ಟದ ಹುಲ್ಲಿನ ಟೋಪಿ. ತಳದಲ್ಲಿ ಯಾರದೋ ಮದುವೆಗೆ ಹೊಲಿಯುತ್ತಿದ್ದ ಕೌದಿ, ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿತ್ತು. ಎದೆನೋವು ಬಂದಾಗ ಅವಳು ಚುಚ್ಚಿಟ್ಟು ಮಲಗಿದ್ದಳಷ್ಟೆ. ಸಾವು ಹೆಂಗಸನ್ನು ಕರೆದೊಯ್ದಿತ್ತು, ಅವಳ ಚಾಕರಿಯನ್ನು ಮನೆಯಲ್ಲೇ ಬಿಟ್ಟುಹೋಗಿತ್ತು.

ಮಾಕಾರಬೊ ಆಗ ಏಳು ತಿಂಗಳ ಬಸುರಿ. ನೀರು, ಬೆರಣಿ, ಮುದ್ದೆ, ಸೊಪ್ಪು, ಅತ್ತೆಯ ಮೊಣಕಾಲಿಗೆ ಎಣ್ಣೆ, ಇಷ್ಟೆಲ್ಲ ಮುಗಿದ ಮೇಲೆ ಉಳಿದ ಚೂರುಪಾರು ಹೊತ್ತಿನಲ್ಲಿ ಅವಳು ಒಂದು ಬಿಳಿ ಶಾಲು ಹೆಣೆಯುತ್ತಿದ್ದಳು. ಈ ಮನೆಗೆ ಕಾಲಿಟ್ಟ ದಿನವೇ, ಇನ್ನೂ ಹುಟ್ಟದ ಮಗುವಿಗೊಂದು ಹೆಸರಿಟ್ಟು, ಅವಳನ್ನು ಮಾಕಾರಬೊ, ಅಂದರೆ ಕಾರಬೊನ ತಾಯಿ, ಎಂದು ಕರೆದಿದ್ದರು. ಹೆಸರು ಕೊಡಲು ಆತುರಪಟ್ಟವರು, ಕಾರಬೊ ನಿಜವಾಗಿ ಹುಟ್ಟಿದಾಗ ಮೈಗೆ ಸುತ್ತಲು ಒಂದು ಬಟ್ಟೆಯನ್ನೂ ಕೊಡಲಿಲ್ಲ. ಪಕ್ಕದ ಮನೆಯಿಂದ ಎರವಲು ತಂದದ್ದಾಯಿತು. ಈ ಸಲದ ಮಗು ತಾಯಿಯ ಕೈಯದನ್ನೇ ಹೊದೆಯಬೇಕು. ಅವಳ ಬದುಕಿನಲ್ಲಿ ಅವಳೇ ಆರಿಸಿಕೊಂಡದ್ದು ಅದೊಂದೇ.

ಆದರೆ ಚೀಲದ ಸುದ್ದಿ ಹರಡಿತ್ತು. ಬಾಗಿಲಿಗೆ ಒಬ್ಬೊಬ್ಬರೇ ಬಂದರು. ಸತ್ತವಳಿಗಾಗಿ ಒಂದು ನಿಟ್ಟುಸಿರು, ಆಮೇಲೆ ನಂದು ಯಾವಾಗ ಆಗತ್ತೆ ಎಂಬ ವಿಚಾರಣೆ. ಮಾಕಾರಬೊ ಮುದ್ದೆ ಕುದಿಯುವಾಗ ತೋಳು, ಬೆರಣಿ ಒಣಗುವಾಗ ಲೇಸು, ಕಾರಬೊ ನಿದ್ದೆ ಹೋದಾಗ ಕೌದಿ ಎಂದು ಕೈಯಿಂದ ಕೈಗೆ ದಾಟಿಸುತ್ತ ಹೋದಳು. ಶಾಲು ಮೂಲೆ ಸೇರಿತು. ಸಂಜೆಗೆ ಬೆರಳುಗಳು ಮರಗಟ್ಟಿ ಚಮಚ ಹಿಡಿಯಲೂ ಬಾರವು. ತ್ಸೆಲಿಸೊ ರೇಡಿಯೊ ಕಿವಿಗೆ ಹಚ್ಚಿಕೊಂಡು, ಕೂತು ಮಾಡೋ ಕೆಲಸ ತಾನೇ, ಅನ್ನುತ್ತಿದ್ದ.

ಮೊದಲ ಸ್ವೆಟರು ನೋಡಲು ಚರ್ಚಿನ ಮಾಲಿಪುವೊ ಬಂದಳು. ತೋಳನ್ನು ಬೆಳಕಿಗೆ ಹಿಡಿದಳು. ಪುಸೆಲೆತ್ಸೊಳದು ಸಡಿಲ ಕೈ, ಮಾಕಾರಬೊಳದು ಬಿಗಿ. ಒಂದು ಕೈ ನಿಂತು ಇನ್ನೊಂದು ಕೈ ಹಿಡಿದ ಜಾಗದಲ್ಲಿ ತೋಳು ಸೊಂಟಪಟ್ಟಿ ಬಿಗಿದಂತೆ ಸೊರಗಿತ್ತು, ಉದ್ದವೂ ಕುಗ್ಗಿತ್ತು.

"ನೋಡು ತಾಯಿ, ಎಲ್ಲರ ಜೊತೆ ಸಾಲಲ್ಲಿ ನಿಂತು ಕೈ ಎತ್ತಿದ್ರೆ ನಂದೊಂದೇ ತೋಳು ಗಿಡ್ಡ. ಪ್ರಾರ್ಥನೆ ಕೇಳೋದು ಬಿಟ್ಟು ದೇವರೇ ನಗ್ತಾನೆ."

ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಯುತ್ತೇನೆ ಎಂದಳು ಮಾಕಾರಬೊ. ಅತ್ತೆ ಗೋಡೆಗೊರಗಿ ಕೂತಿದ್ದವಳು ಕಣ್ಣು ತೆರೆದಳು. "ನನ್ನ ಮಗಳ ಕೈಯಿಂದ ಆದದ್ದನ್ನ ಬಿಚ್ಚಬೇಡ. ನಿನ್ನ ಕೈನೇ ಸ್ವಲ್ಪ ಸಡಿಲ ಬಿಡು."

ಮಾಕಾರಬೊ ಕಲಿತಳು. ಉಣ್ಣೆಯನ್ನು ಮೊದಲಿನಂತೆ ಕಿರುಬೆರಳಿಗೆ ಸುತ್ತದೆ ಜಾರಲು ಬಿಟ್ಟಳು, ಪುಸೆಲೆತ್ಸೊ ಕೂರುತ್ತಿದ್ದ ಹಾಗೆ ಮೊಣಕೈ ಹೊರಚಾಚಿ ಕೂತಳು. ವಾರಗಳು ಕಳೆದಂತೆ ಗೆರೆ ಮಾಸಿತು. ಮಾಲಿಪುವೊ ಹೊಗಳಿ, ಇನ್ನೊಬ್ಬಳ ಅಳತೆಯನ್ನೂ ಕೊಟ್ಟುಹೋದಳು. ಅತ್ತೆ ಎದುರು ಕೂತು ಆ ಮೊಣಕೈಯನ್ನೇ ನೋಡುತ್ತಿದ್ದಳು. ಒಂದು ದಿನ "ನೀರು ಕೊಡು ಪುಸೆ" ಎಂದಳು, ತಿದ್ದಿಕೊಳ್ಳಲಿಲ್ಲ. ಮಾಕಾರಬೊ ನೀರು ಕೊಟ್ಟಳು. ತಿದ್ದುವುದಕ್ಕೂ ಮೈಯಲ್ಲಿ ಕಸುವಿರಬೇಕು.

ಹೊಟ್ಟೆ ಕೆಳಗಿಳಿಯತೊಡಗಿದಾಗ ಹೆದರಿ ಶಾಲನ್ನು ಮೂಲೆಯಿಂದ ಎತ್ತಿಕೊಂಡಳು. ಒಂದು ಗೇಣು ಹೆಣೆದು ನೆಲದ ಮೇಲೆ ಹಾಸಿ ನೋಡಿದಳು. ಕೆಳಗೆ ನೆಟ್ಟಗಿದ್ದ ಶಾಲು ಮೇಲೆ ಹೋದಂತೆ ಲಂಗದ ಘೇರಿನ ಹಾಗೆ ಅಗಲವಾಗಿತ್ತು. ಕುಣಿಕೆಗಳ ನಡುವೆ ಗಾಳಿ ಓಡಾಡುತ್ತಿತ್ತು. ಬಿಗಿ ಹಿಡಿಯಲು ನೋಡಿದಳು, ಬೆರಳು ಕೇಳಲಿಲ್ಲ. ತನ್ನ ಮಗುವಿಗೆಂದು ತಾನೇ ಕೂತು ಹೆಣೆದದ್ದರಲ್ಲಿ ತನ್ನ ಕೈಯೇ ಇರಲಿಲ್ಲ.

ಅವಳು ಅಳಲಿಲ್ಲ. ಶಾಲನ್ನು ಮಡಚಿಟ್ಟು ಚೀಲ ಸುರಿದಳು. ಉಳಿದ ಒಂದೊಂದರಲ್ಲೂ ತಾನು ಸೇರಿಸಿದ್ದನ್ನು ಬಿಚ್ಚಿ, ಪುಸೆಲೆತ್ಸೊ ಎಲ್ಲಿ ನಿಲ್ಲಿಸಿದ್ದಳೋ ಅಲ್ಲೇ ಮುಚ್ಚತೊಡಗಿದಳು. ಅರ್ಧ ತೋಳನ್ನು ಅರ್ಧದಲ್ಲೇ, ಲೇಸನ್ನು ಬಂದಷ್ಟಕ್ಕೇ ಗಂಟು ಹಾಕಿದಳು, ಬಿಚ್ಚಿಹೋಗದ ಹಾಗೆ. ಕೌದಿಯ ಸೂಜಿ ಕಿತ್ತಿಟ್ಟಳು.

ಅತ್ತೆ ಹತ್ತಿರ ಬಂದು ಒಂದು ತೋಳು ಎತ್ತಿ ನೋಡಿದಳು.

"ಏನಿದು?"

"ಅವರವರದ್ದು ಅವರಿಗೆ ಕೊಡ್ತೀನಿ ಅತ್ತೆ. ಅಕ್ಕ ಮಾಡಿದ್ದು ಇಷ್ಟು."

"ಅರ್ಧಂಬರ್ಧ ಕೊಟ್ರೆ ಜನ ಏನಂತಾರೆ? ಚೀಲ ಕೊಟ್ಟ ಮಾವನಿಗೆ ಏನು ಹೇಳ್ಲಿ? ನನ್ನ ಮಗಳು ಸಾಯೋ ತನಕ ಮಾಡಿದ್ಲು, ಒಂದು ದಿನ ಉಸ್ಸಪ್ಪಾ ಅನ್ಲಿಲ್ಲ. ನಿಂಗೇನು ಬಂತು?"

"ಸಾಯೋ ತನಕ ಮಾಡೋಕೆ ನಂಗೂ ಬರತ್ತೆ. ಅದಕ್ಕೇ ಬಿಡ್ತಿದೀನಿ."

ಅತ್ತೆ ಕೈಯಲ್ಲಿದ್ದ ತೋಳನ್ನು ಕೆಳಗೆ ಇಡಲಿಲ್ಲ. ಅದನ್ನು ಹಿಡಿದುಕೊಂಡೇ ಹೊರಗೆ ಹೋಗಿ ಬಿಸಿಲು ಬೀಳುವ ಗೋಡೆಗೊರಗಿ ಕೂತು, ಮುಚ್ಚಿದ ಅಂಚನ್ನು ಹೆಬ್ಬೆರಳಿಂದ ಸವರುತ್ತಿದ್ದಳು.

ಮರುದಿನ ಚರ್ಚಿನ ಹೆಂಗಸರು ಬಂದು ತಮ್ಮ ತುಂಡುಗಳನ್ನು ಒಯ್ದರು. ಬೈದರು. ಬಸುರಿಯ ಸೊಕ್ಕು ಎಂದರು, ಸತ್ತವಳ ಮಾನ ಕಳೆದಳು ಎಂದರು. ಸತ್ತವಳ ಜೀವ ಕಳೆದದ್ದು ಯಾವುದು ಎಂದು ಒಬ್ಬಳೂ ಕೇಳಲಿಲ್ಲ. ಅತ್ತೆ ಸೊಸೆಯ ಪರ ಮಾತಾಡಲಿಲ್ಲ. ಅವರ ಜೊತೆ ದನಿಗೂಡಿಸಲೂ ಇಲ್ಲ. ಅವರಿಗೆ ಕೊಡದೆ ಉಳಿಸಿಕೊಂಡ ಆ ಒಂದು ತೋಳು ಅವಳ ಕಂಬಳಿಯೊಳಗಿತ್ತು.

ಅವರು ಇಳಿಜಾರು ದಾಟಿದ ಮೇಲೆ ಮಾಕಾರಬೊ ಶಾಲಿನ ಅಗಲ ಭಾಗವನ್ನು ಎಳೆದು ಬಿಚ್ಚಿದಳು, ನೆಟ್ಟಗಿದ್ದ ಸಾಲು ಸಿಗುವವರೆಗೆ. ಉಣ್ಣೆಯನ್ನು ಕಿರುಬೆರಳಿಗೆ ಸುತ್ತಿ ಹೊಸ ಸಾಲು ಹಾಕಿದಳು. ಸಡಿಲವಾಗಿ ಬಂತು. ಬಿಚ್ಚಿದಳು. ಮತ್ತೆ ಸಡಿಲ, ಮತ್ತೆ ಬಿಚ್ಚಿದಳು. ಸೊಂಟ ಸೀಳುತ್ತಿತ್ತು, ಕಣ್ಣೆಳೆಯುತ್ತಿತ್ತು. ಇನ್ನೊಂದು ಸಾಲಿನ ನಡುವೆ ಎಲ್ಲೋ ಉಣ್ಣೆ ಹಿಂದಿನ ಹಾಗೆ ಬೆರಳಿನ ಸಂದನ್ನು ಕಚ್ಚಿ ಚುರುಕ್ಕೆಂದಿತು. ಅವಳು ಸಡಿಲಿಸಲಿಲ್ಲ.