ನಾಲ್ಕನೇ ಚಕ್ರ

"ಇವನ ಕೈ ಕೈಯಲ್ಲ ಶೆಟ್ರೆ, ಹಿಟಾಚಿ. ಶಾಲಿಗ್ ಹೋಪತಿಗೆ ಸ್ಲೇಟ್ ಒಡ್ದ, ಈಗ ನಿಮ್ ಕಾರಿಂದ್ ಒಡ್ದ."

ದೇವು ಮಾವ ಇದನ್ನು ಹೇಳಿದ್ದು ತೆಕ್ಕಟ್ಟೆಯ ನಮ್ಮ ಟಯರ್ ಅಂಗಡಿಯ ಎದುರು, ಜನರ ನಡುವೆ ನಿಂತು. ಕಾರಿನ ಯಜಮಾನರು ರಾಘವೇಂದ್ರ ಶೆಟ್ರು ಇದ್ದರು. ಪಕ್ಕದ ಚಾ ಹೋಟೆಲಿನ ನಾಗು ಗ್ಲಾಸು ತೊಳೆಯುವುದನ್ನು ಬಿಟ್ಟು ಬಂದಿದ್ದ. ಮೀನಿನ ಟೆಂಪೊದ ಬಚ್ಚ ಗಾಳಿ ಹಾಕಿಸಲು ಬಂದವ, ಹಾಕಿಸಿಯಾದ ಮೇಲೂ ಹೋಗದೆ ನಿಂತಿದ್ದ. ಅವನು ನಕ್ಕ. ನಕ್ಕದ್ದು ಸಾಲದೆಂದು ಮಣ್ಣು ಅಗೆಯುವ ಯಂತ್ರದ ಹಾಗೆ ಕೈ ಬೀಸಿ "ಹಿಟಾಚಿ" ಎಂದು ಇನ್ನೊಮ್ಮೆ ಹೇಳಿ ನಕ್ಕ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಕೈಯಲ್ಲಿದ್ದ, ನಟ್ಟು ಬಿಚ್ಚುವ ವೀಲ್ ಪಾನವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ.

ಆದದ್ದು ಇಷ್ಟು. ಶೆಟ್ರಿಗೆ ಮುಂಬಯಿಯಲ್ಲಿ ಹೋಟೆಲು, ಕಿರಿಮಂಜೇಶ್ವರದಲ್ಲಿ ಮನೆ. ತಂಗಿಯ ಮಗಳ ಮದುವೆಗೆಂದು ಹೊಸ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಹೊಸದೆಂದರೆ ಅವರಿಗೆ ಹೊಸದು. ಮೊದಲು ಮುಂಬಯಿಯ ಯಾರೋ ಡಾಕ್ಟರ ಹತ್ತಿರ ಇತ್ತಂತೆ. ಹೊರದೇಶದ ಕಾರು, ಬಾಗಿಲು ಹಾಕಿದರೆ ಸದ್ದೇ ಬಾರದಂಥದ್ದು. ಟಯರು ಮಾತ್ರ ಸವೆದಿತ್ತು. ಕುಂದಾಪುರದಲ್ಲಿ ನಾಲ್ಕು ಹೊಸ ಟಯರು ಕೊಂಡರು. ಅಲ್ಲೇ ಮೆಷಿನ್ನಿನಲ್ಲಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಅಂಬಾಸಿಡರ್ ಕಾಲದಿಂದ ಅವರ ಗಾಡಿಯ ಟಯರು ಮುಟ್ಟಿದವನು ನಮ್ಮ ಮಾವ ಒಬ್ಬನೇ. ಎರಡನ್ನು ಡಿಕ್ಕಿಯಲ್ಲಿ, ಎರಡನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ನಮ್ಮಲ್ಲಿಗೆ ಬಂದರು.

ಹಾಕಿ ಕಳಿಸಿದೆವು. ಮರುದಿನ ಸ್ಟೇರಿಂಗಿನ ಎದುರು ಒಂದು ಹಳದಿ ದೀಪ ಹತ್ತಿಕೊಂಡಿತು. ಅಡಿ ಚಪ್ಪಟೆಯಾದ ಗಡಿಗೆಯೊಳಗೆ ಆಶ್ಚರ್ಯ ಚಿಹ್ನೆ ಬರೆದ ಹಾಗೆ. ಗಾಳಿ ನೋಡಿದರೆ ಸರಿ ಇದೆ, ದೀಪ ಆರುವುದಿಲ್ಲ. ಮದುವೆಗೆ ಬಂದ ನೆಂಟರಲ್ಲಿ ಕಾರು ಹತ್ತಿದವರೆಲ್ಲ ಅದೆಂತದು ಎಂದು ಕೇಳಿ ಶೆಟ್ರ ತಲೆ ತಿಂದರಂತೆ. ಕೊನೆಗೆ ಮಂಗಳೂರಿಗೆ ಒಯ್ದು ತೋರಿಸಿದರು. ಅಲ್ಲಿಯವರು ಹೇಳಿ ಕಳಿಸಿದ್ದನ್ನು ಶೆಟ್ರು ನಮಗೆ ವಿವರಿಸಿದರು. ಪ್ರತಿ ಚಕ್ರದ ಒಳಗೂ, ಗಾಳಿ ಹಾಕುವ ವಾಲ್‌ನ ಬುಡಕ್ಕೆ ಒಂದು ಸೆನ್ಸರ್ ಇರುತ್ತದೆ. ಒಳಗೆ ಗಾಳಿ ಎಷ್ಟಿದೆ ಎಂದು ಕಾರಿಗೆ ತಿಳಿಸುವುದು ಅದೇ. ಟಯರು ಬಿಚ್ಚುವಾಗ ಯಾರೋ ಅದನ್ನು ಮುರಿದಿದ್ದಾರೆ. ಒಂದೋ, ನಾಲ್ಕೋ, ಬಿಚ್ಚಿಯೇ ನೋಡಬೇಕು. ಶೆಟ್ರು ಇರಲಿ ಎಂದು ನಾಲ್ಕು ಹೊಸ ಸೆನ್ಸರ್ ಕೊಂಡರು, ಆದರೆ ಅಲ್ಲಿ ಬಿಚ್ಚಲು ಬಿಡಲಿಲ್ಲ. ಅದಕ್ಕೂ ಮಾವನೇ ಬೇಕು.

ಯಾರೋ ಮುರಿದಿದ್ದಾರೆ ಎಂಬಲ್ಲಿಗೆ ಮಾತು ಬಂದಾಗ ಮಾವ ನನ್ನತ್ತ ತಿರುಗಿ ಹಿಟಾಚಿ ಎಂದದ್ದು.

ನನಗೆ ಅಷ್ಟು ಹೊತ್ತಿಗೆ ಎಲ್ಲ ಹೊಳೆದಿತ್ತು. ಆ ದಿನ ನಾಲ್ಕು ಚಕ್ರಗಳಲ್ಲಿ ಮೂರನ್ನು ಬಿಚ್ಚಿದವನು ಮಾವ. ನಾಲ್ಕನೆಯದು, ಹಿಂದಿನ ಎಡಗಡೆಯದು, ಉಳಿದಿರುವಾಗ ಶೆಟ್ರು ಅವನನ್ನು ಚಾ ಕುಡಿಯಲು ಕರೆದುಕೊಂಡು ಹೋದರು. ಹಳೇ ಕತೆ ಮಾತಾಡುತ್ತ ಇಬ್ಬರೂ ನಾಗುವಿನ ಬೆಂಚಿನಲ್ಲಿ ಕೂತೇಬಿಟ್ಟರು. ಅದೊಂದನ್ನು ನಾನು ಬಿಚ್ಚಿ ಹಾಕಿದೆ.

ಟಯರಿನ ಅಂಚು ಎತ್ತುವ ಲಿವರನ್ನು ಮಾವ ಹಾಕುವುದು ಯಾವಾಗಲೂ ವಾಲ್‌ನ ಪಕ್ಕದಿಂದಲೇ. ಒಳಗೆ ಟ್ಯೂಬ್ ಇರುತ್ತಿದ್ದ ಕಾಲದ ಪದ್ಧತಿ. ವಾಲ್ ಇರುವಲ್ಲಿ ಟ್ಯೂಬು ಚಕ್ರದ ಲೋಹದ ಡಿಸ್ಕಿಗೆ ಕಚ್ಚಿಕೊಂಡು ನಿಂತಿರುತ್ತದೆ, ಲಿವರ್‌ನ ತುದಿಗೆ ಸಿಕ್ಕಿ ಹರಿಯುವುದಿಲ್ಲ ಎನ್ನುತ್ತಾನೆ. ಶುರು ಮಾಡುವ ಮೊದಲು ಎರಡು ಬೆರಳಿನಿಂದ ವಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಸೈಕಲ್ಲಾಗಲಿ, ಲಾರಿಯಾಗಲಿ, ಅದನ್ನು ಬಿಡುವುದಿಲ್ಲ. ನನಗೂ ಹಾಗೆಯೇ ಕಲಿಸಿದ. ಅವನು ನೋಡುತ್ತಿದ್ದರೆ ನಾನು ಹಾಗೆ ಮಾಡುತ್ತೇನೆ, ನೋಡದಿದ್ದರೆ ಎದುರು ದಿಕ್ಕಿನಿಂದ ಲಿವರ್ ಹಾಕುತ್ತೇನೆ. ಅದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಲು ನನಗೆ ಮೈ ಒಗ್ಗುವುದಿಲ್ಲ, ಅಷ್ಟೇ.

ಆ ದಿನ ಅವನು ನೋಡುತ್ತಿರಲಿಲ್ಲ.

ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಚಕ್ರ ಬಿಚ್ಚಲಿ, ಒಳಗಿನದು ಹೊರಗೆ ಬರಲಿ, ನಿಂತವರೆಲ್ಲ ನೋಡಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಏನು ಹೇಳಬೇಕೆಂದೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ. ನಾಲ್ಕು ಜನರ ಎದುರು ಹೋದ ಮಾನ ಅದೇ ನಾಲ್ಕು ಜನರ ಎದುರು ವಾಪಸು ಬರಬೇಕು.

ಸ್ಲೇಟಿನ ಮಾತು ಬೇರೆ ಚುಚ್ಚುತ್ತಿತ್ತು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ. ಬಿಟ್ಟ ಹೊಸತರಲ್ಲಿ ಊರಿನಲ್ಲಿ ಎದುರು ಸಿಕ್ಕಿದವರೆಲ್ಲ ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ಬಸ್ಸಿನ ಕಂಡಕ್ಟರನೂ ಕೇಳಿದ, ಮೀನು ಮಾರುವ ಸುಗುಣಕ್ಕನೂ ಕೇಳಿದಳು. ಮಾವ ಒಬ್ಬ ಕೇಳಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, "ಬಾ, ಹೋಪ" ಎಂದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಕರೆತಂದ. ಇವತ್ತಿನವರೆಗೂ ಆ ಪ್ರಶ್ನೆ ಅವನ ಬಾಯಿಯಿಂದ ಬಂದಿಲ್ಲ. ಅಂಥವನು ಈಗ ಬಚ್ಚನ ಎದುರು ಸ್ಲೇಟು ತೆಗೆದ.

"ನೀ ಮುಟ್ಬೇಡ" ಎಂದು ಹೇಳಿ ಮಾವ ಶೆಡ್ಡಿನ ಹಿಂದೆ ಒಮ್ಮೆ ಹೋಗಿ ಬಂದು ತಾನೇ ಜಾಕ್ ಏರಿಸಿದ. ನಾನು ಪಾನ ಇಟ್ಟು ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಕುಸುಮ ಅತ್ತೆ ಊಟದ ಡಬ್ಬಿ ಕೊಟ್ಟುಹೋದಳು. ಮಾವ ನನಗೆ ಬೈದ ದಿನ ನನ್ನ ಡಬ್ಬಿಯಲ್ಲಿ ಹುರಿದ ಬಂಗುಡೆ ಮೀನು ಒಂದು ಜಾಸ್ತಿ ಇರುತ್ತದೆ. ಬೈದ ಕೂಡಲೇ ಅವನು ಶೆಡ್ಡಿನ ಹಿಂದೆ ಹೋಗಿ ಅವಳಿಗೆ ಫೋನು ಮಾಡುತ್ತಾನೆ. ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾನೆ. ಇವತ್ತು ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಎರಡು ಬಾಲ ಹೊರಗೆ ಕಾಣುತ್ತಿತ್ತು. ನಾನು ಡಬ್ಬಿಯನ್ನು ಕಂಪ್ರೆಸರಿನ ಮೇಲೆ ಇಟ್ಟು ಮುಖ ತಿರುಗಿಸಿದೆ. ಬಂಗುಡೆಯಿಂದ ಮುಗಿಯುವ ಸಿಟ್ಟಲ್ಲ ಇದು.

ಮೊದಲ ಚಕ್ರ ನೆಲಕ್ಕೆ ಬಂತು. ಮಾವ ಗಾಳಿ ಬಿಟ್ಟ, ಡಿಸ್ಕಿಗೆ ಗೀರು ಬೀಳದ ಹಾಗೆ ಹಳೇ ಟ್ಯೂಬಿನ ತುಂಡು ಇಟ್ಟ, ವಾಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಅದರ ಪಕ್ಕದಲ್ಲೇ ಲಿವರ್ ತೂರಿಸಿ ಎತ್ತಿದ. ಒಳಗಿನಿಂದ ಬೆಂಕಿಪೆಟ್ಟಿಗೆಯಷ್ಟು ಕಪ್ಪು ವಸ್ತುವೊಂದು ಕುತ್ತಿಗೆ ಮುರಿದುಕೊಂಡು ಉರುಳಿ ಬಂತು. ಶೆಟ್ರು ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಬಚ್ಚ ನನ್ನ ಮುಖ ನೋಡಿ ಹಲ್ಲು ಬಿಟ್ಟ. ಮಾವ ಹೊಸದನ್ನು ಕೂರಿಸಿ, ಟಯರು ಹಾಕಿ, ಎರಡನೆಯದಕ್ಕೆ ಕೈ ಹಾಕಿದ.

ಮತ್ತೆ ಟ್ಯೂಬಿನ ತುಂಡು. ಮತ್ತೆ ಎರಡು ಬೆರಳು ವಾಲ್‌ಗೆ. ಅಲ್ಲಿಗೆ ನಿಂತ.

ಬೆರಳು ಕಣ್ಣಿನವರೆಗೆ ಹೋಗಲಿಲ್ಲ. ವಾಲ್ ನೋಡಿದ, ಕೈಯಲ್ಲಿದ್ದ ಲಿವರ್ ನೋಡಿದ, ಶೆಟ್ರ ಅಂಗೈಯಲ್ಲಿದ್ದ ಮುರಿದ ಸೆನ್ಸರ್ ನೋಡಿದ. ನನ್ನತ್ತ ಮಾತ್ರ ನೋಡಲಿಲ್ಲ. ನಿಧಾನಕ್ಕೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಎದುರು ದಿಕ್ಕಿನಿಂದ ಲಿವರ್ ಹಾಕಿದ. ಬದುಕಿನಲ್ಲಿ ಮೊದಲ ಸಲ ಇರಬೇಕು, ಕೈ ಅಲ್ಲಿ ಹೊಂದಲಿಲ್ಲ, ಎರಡು ಸಲ ಜಾರಿತು. ನಾಗು, ಎಂತ ದೇವಣ್ಣ ಇವತ್ತು ಕೈಗೆ ಎಣ್ಣೆ ತಾಗಿದೆಯಾ ಎಂದು ಕೇಳಿದ. ಮಾವ ಅಂಗಿಗೆ ಕೈ ಒರೆಸಿ ಮತ್ತೆ ಲಿವರ್ ಒತ್ತಿದ. ಎರಡನೆಯದೂ ಮುರಿದಿತ್ತು. ಮೂರನೆಯದೂ.

ಶೆಟ್ರಿಗೆ ಬೇಸರ ಇದ್ದಂತೆ ಕಾಣಲಿಲ್ಲ. ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತ, ತಮ್ಮ ಅಂಬಾಸಿಡರ್ ಒಮ್ಮೆ ಮರವಂತೆಯ ಮರಳಿನಲ್ಲಿ ಹೂತುಹೋದದ್ದು, ಮಾವ ಸೈಕಲ್ ತುಳಿದುಕೊಂಡು ಅಲ್ಲಿಗೆ ಬಂದದ್ದು ಎಲ್ಲ ಹೇಳಿದರು. ದೇವುವಿನಂಥ ಕೈ ಈ ರೋಡಿನಲ್ಲಿ ಇನ್ನೊಂದಿಲ್ಲ ಎಂದರು. ಬೇರೆ ದಿನವಾದರೆ ಮಾವ ಇಂಥ ಮಾತಿಗೆ ಬೇಡ ಬೇಡ ಎನ್ನುತ್ತ ಇನ್ನೆರಡು ಕತೆ ಸೇರಿಸುತ್ತಿದ್ದ. ಇವತ್ತು ತಲೆ ಬಗ್ಗಿಸಿಕೊಂಡು ನಟ್ಟು ಬಿಗಿಯುತ್ತಿದ್ದ. ಕಿವಿ ಕೆಂಪಾಗಿತ್ತು.

ನಮ್ಮ ಶೆಡ್ಡಿಗೆ ಹೆದ್ದಾರಿ ಅಗಲ ಮಾಡುವ ಚತುಷ್ಪಥದವರು ಆಗಲೇ ಬಿಳಿ ಗೆರೆ ಎಳೆದು ಹೋಗಿದ್ದರು. ಮಳೆಗಾಲ ಕಳೆದರೆ ಒಡೆಯುತ್ತಾರೆ. ಒಳಗೆಲ್ಲೋ ಸಂದಿಯಲ್ಲಿ ಜಾಗ ಹುಡುಕಬೇಕು. ಅಲ್ಲಿಗೆ ಬೋರ್ಡು ನೋಡಿ ಯಾರೂ ಬರುವುದಿಲ್ಲ. ಮಾವನ ಕೈಯನ್ನು ಹುಡುಕಿಕೊಂಡು ಬಂದರೆ ಬಂದರು. ಇದು ನನಗೆ ಮೊದಲೇ ಗೊತ್ತಿದ್ದದ್ದೇ. ಆದರೆ ಅವನ ಕೈ ಹಾಗೆ ಜಾರುವುದನ್ನು ನೋಡುವವರೆಗೆ ಅದು ನನ್ನ ತಲೆಗೆ ಬಂದಿರಲಿಲ್ಲ.

ನಾಲ್ಕನೆಯ ಚಕ್ರವನ್ನು ಮಲಗಿಸಿ ಮಾವ ಲಿವರನ್ನು ಒಮ್ಮೆ ಕೆಳಗಿಟ್ಟು ಮತ್ತೆ ಕೈಗೆತ್ತಿಕೊಂಡ. ಇದು ನನ್ನದು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಟಯರು ಎತ್ತಿದ. ಸೆನ್ಸರ್ ಕೂತಲ್ಲೇ ಕೂತಿತ್ತು. ಒಂದು ಗೀರಿಲ್ಲ.

ಬಚ್ಚ ಬಗ್ಗಿ ನೋಡಿದ. ನಾಗು ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಿಕೊಂಡು ಹತ್ತಿರ ಬಂದ. ಶೆಟ್ರು ಕುರ್ಚಿಯಿಂದ ಎದ್ದರು.

"ಇದೊಂದ್ ಹ್ಯಾಂಗ್ ಉಳೀತ್ ಮಾರಾಯ?" ಎಂದರು. ನನ್ನ ಕಡೆ ತಿರುಗಿದರು. "ಹ್ವಾಯ್ ಮಾಣಿ, ನೀ ಬಿಚ್ಚಿದ್ದ್ ಯಾವ್ದಾ?"

ಬೆಳಿಗ್ಗೆಯಿಂದ ನಾನು ಕಾದಿದ್ದ ಪ್ರಶ್ನೆ ಅದು. ಕೇಳಬೇಕಾದವರೇ ಕೇಳಿದರು, ಇರಬೇಕಾದವರೆಲ್ಲ ಇದ್ದರು. ಬೆರಳು ತೋರಿಸಿದರೆ ಸಾಕಿತ್ತು. ಬಾಯಿ ಬಿಡುವ ಅಗತ್ಯವೂ ಇರಲಿಲ್ಲ.

ಮಾವ ಆಗ ನನ್ನ ಮುಖ ನೋಡಿದ. ಬೇಡ ಎನ್ನುವ ನೋಟವಲ್ಲ. ಹೇಳು, ಹೇಳಿಬಿಡು ಎನ್ನುವ ಹಾಗೆ. ಟಯರಿನ ಕಪ್ಪು ಹತ್ತಿದ ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು, ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗುವುದನ್ನು ಕಾಯುವವನ ಹಾಗೆ ಕೂತಿದ್ದ.

ಎಲ್ಲಿಂದಲೋ ಬಂಗುಡೆಯ ಮಸಾಲೆಯ ವಾಸನೆ ಬರುತ್ತಿತ್ತು. ಕಂಪ್ರೆಸರಿನ ಬಿಸಿಗೆ ಡಬ್ಬಿ ಕಾದಿರಬೇಕು.

ನಾನು ಹೋಗಿ ಡಬ್ಬಿ ಎತ್ತಿಕೊಂಡೆ. ಮುಚ್ಚಳ ಒತ್ತಿ ಸರಿಯಾಗಿ ಕೂರಿಸಿದೆ. ಶೆಟ್ರು ಇನ್ನೊಮ್ಮೆ ಕೇಳಿದರು. ಬಚ್ಚ, ಅವನಿಗೆ ಕಿವಿಯೂ ಹೋಯಿತಾ ಎಂದ. ನಾನು ಶೆಡ್ಡಿನ ಹಿಂದಿನ ಗೇರುಮರದ ಕಡೆಗೆ ನಡೆದೆ.

ಹಿಂದಿನಿಂದ ಮಾವ ಗಂಟಲು ಸರಿಮಾಡಿಕೊಂಡು "ಶೆಟ್ರೆ..." ಎಂದದ್ದು ಕೇಳಿತು. ನಾನು ನಿಲ್ಲಲಿಲ್ಲ.