ಮುನಿಯಪ್ಪನ ಬೆನ್ನು

ಧನಪಾಲ್ ಹತ್ತೊಂಬತ್ತು ವರ್ಷ ಸೈನ್ಯದ ಲಾರಿ ಓಡಿಸಿದವನು. ಲಡಾಖಿನ ಒಂದು ತಿರುವಿನಲ್ಲಿ, ಹಿಮದ ಮೇಲೆ ಜಾರಿದ ಲಾರಿಯ ಜೊತೆ ತಾನೂ ಉರುಳಿ, ಬೆನ್ನಿನ ಎರಡು ಡಿಸ್ಕ್ ಕೆಡಿಸಿಕೊಂಡು ಕಡೂರಿಗೆ ವಾಪಸಾದ. ಅಂಗವೈಕಲ್ಯದ ಪಿಂಚಣಿ ಕೇಳಿದ್ದಕ್ಕೆ ಬಂದ ಉತ್ತರ ಒಂದೂವರೆ ಸಾಲಿನದು: ಈ ಕಾಯಿಲೆಗೆ ಸೇವೆ ಕಾರಣವಲ್ಲ, ತಂದೆಗೂ ಇತ್ತೆಂದು ಅರ್ಜಿದಾರರೇ ಹೇಳಿದ್ದಾರೆ. ಮೊದಲ ಮೇಲ್ಮನವಿಗೂ ಅದೇ ಉತ್ತರ. ಎರಡನೆಯದಕ್ಕೆ ಹನ್ನೊಂದು ದಿನ ಉಳಿದಿತ್ತು. ಅದೂ ಬಿದ್ದುಹೋದರೆ ಬೆಂಗಳೂರು, ವಕೀಲರು, ವಾಯಿದೆ. ಅಷ್ಟು ಸಲ ಅಷ್ಟು ದೂರ ಕೂತು ಹೋಗಿಬರುವ ಬೆನ್ನು ಅವನಲ್ಲಿ ಉಳಿದಿರಲಿಲ್ಲ.

ಹೇಳಿದ್ದೇನೋ ನಿಜ. ಸೈನ್ಯದಿಂದ ಬಿಡುಗಡೆಗೆ ಮುಂಚೆ ತಪಾಸಣೆ ಮಾಡಿದ ಡಾಕ್ಟರು, ಮನೆಯಲ್ಲಿ ಯಾರಿಗಾದರೂ ಬೆನ್ನುನೋವಿತ್ತೇ ಎಂದು ಹಿಂದಿಯಲ್ಲಿ ಕೇಳಿದ್ದರು. ಅಪ್ಪ ಮುನಿಯಪ್ಪ ಸತ್ತಾಗ ಧನಪಾಲ್ ಹಿಮದಲ್ಲಿ ಸಿಕ್ಕಿಕೊಂಡು, ಮಣ್ಣಿಗೆ ಬರಲಾಗಿರಲಿಲ್ಲ. ಅಲ್ಲಿಂದೀಚೆಗೆ ಅಪ್ಪನ ಸುದ್ದಿ ಎತ್ತಿದವರು ಆ ಡಾಕ್ಟರೊಬ್ಬರೇ. ಇನ್ನೇನು ಬೇಕು, ಇವನು ಬಾಯಿ ಬಿಟ್ಟ. ಅಜ್ಜಂಪುರದ ಸ್ಟೇಷನ್ನಿನಲ್ಲಿ ಅಪ್ಪ ಈರುಳ್ಳಿ ಮೂಟೆ ಹೊರುತ್ತಿದ್ದುದು, ಸಂಜೆ ಬಂದು ನೆಲದ ಮೇಲೆ ಬೋರಲು ಮಲಗಿ ‘ತುಳಿಯೋ ಮಗ’ ಅನ್ನುತ್ತಿದ್ದುದು, ತಾನು ಗೋಡೆ ಹಿಡಿದುಕೊಂಡು ಆ ಬೆನ್ನಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಿದ್ದುದು, ಎಲ್ಲ ಹೇಳಿದ. ‘ನಮ್ ವಂಶದ್ ಬೆನ್ನೇ ಹಂಗೆ’ ಎಂದು ಅಪ್ಪ ಆಗಾಗ ಅನ್ನುತ್ತಿದ್ದ ಮಾತನ್ನೂ ಬಿಡಲಿಲ್ಲ. ಡಾಕ್ಟರು ತಲೆಯಾಡಿಸುತ್ತ ಬರೆದುಕೊಂಡರು. ಎಂಥ ಒಳ್ಳೆಯ ಮನುಷ್ಯ ಎಂದು ಧನಪಾಲನಿಗೆ ಕಣ್ಣು ತುಂಬಿ ಬಂದಿತ್ತು.

ಕಡೂರಿನ ಮಾಜಿ ಸೈನಿಕರ ಸಂಘದ ಕಾಗದಪತ್ರ ನೋಡಿಕೊಳ್ಳುವ ನಿವೃತ್ತ ಸುಬೇದಾರ್ ಪ್ರಸನ್ನಕುಮಾರ್ ಇದನ್ನು ಕೇಳಿ ಹಣೆ ಚಚ್ಚಿಕೊಂಡರು. ಆಮೇಲೆ ತಾವೇ ಕೂತು ಒಂದು ಹೇಳಿಕೆ ಟೈಪು ಮಾಡಿಸಿದರು: ಮುನಿಯಪ್ಪನಿಗೆ ಯಾವತ್ತೂ ಬೆನ್ನುನೋವು ಇರಲಿಲ್ಲ, ಹಿಂದಿ ಸರಿಯಾಗಿ ಬಾರದೆ ತಪ್ಪು ಹೇಳಿದ್ದೇನೆ. ಕೆಳಗೆ ಮುನಿಯಪ್ಪನನ್ನು ಬಲ್ಲ ಹಿರಿಯರೊಬ್ಬರ ಸಾಕ್ಷಿ ಬೇಕಿತ್ತು. ಅವನಿಗೆ ಕೆಲಸ ಕೊಟ್ಟಿದ್ದ ಈರುಳ್ಳಿ ಮಂಡಿಯ ಸಾಹುಕಾರ ಕರಿಸಿದ್ದಪ್ಪ ಅಜ್ಜಂಪುರದಲ್ಲಿ ಇನ್ನೂ ಗಟ್ಟಿಯಾಗಿದ್ದರು.

ಧನಪಾಲ್ ಎರಡು ದಿನ ಕಾಗದವನ್ನು ಮುಟ್ಟಲಿಲ್ಲ. ಹೆಂಡತಿ ಪ್ರತಿಮಾಳೇ ಅದನ್ನು ಅವನ ಅಂಗಿಯ ಜೇಬಿಗಿಟ್ಟಳು.

"ಸತ್ತೋರಿಗೆ ಬೆನ್ನು ನೋಯ್ತದಾ? ನೋಯ್ತಿರೋದು ನಿಮ್ಗೆ. ಹೋಗಿ ಸೈನ್ ಹಾಕಿಸ್ಕಂಡ್ ಬನ್ನಿ."

ರೈಲಿನಲ್ಲಿ ಸೀಟು ಖಾಲಿಯಿದ್ದರೂ ಅವನು ನಿಂತೇ ಹೋದ. ಅಪ್ಪನದೆಂದು ಅವನಲ್ಲಿ ಉಳಿದಿದ್ದು ಒಂದು ಫೋಟೊ, ಮತ್ತೆ ಅಂಗಾಲಿನಲ್ಲಿ ಆ ಬೆನ್ನಿನ ನೆನಪು: ಬೆವರಿನ ತಣ್ಣನೆ ಚರ್ಮ, ಸೊಂಟದ ಮೇಲಿನ ಗಂಟು, ಅಲ್ಲಿ ಕಾಲಿಟ್ಟಾಗ ಅಪ್ಪ ಬಿಡುತ್ತಿದ್ದ ಉಸಿರು. ಅದೆಲ್ಲ ಇರಲೇ ಇಲ್ಲವೆಂದು ಬರೆದ ಹಾಳೆ ಜೇಬಿನಲ್ಲಿತ್ತು. ಅಪ್ಪ ಸಿಕ್ಕಿದ್ದರೆ ಕಾಲು ಹಿಡಿದು ಕ್ಷಮೆ ಕೇಳಬಹುದಿತ್ತು. ಸಿಗುವ ಹಾಗಿರಲಿಲ್ಲ.

ಕರಿಸಿದ್ದಪ್ಪ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದರು. ಎಂಬತ್ತೈದು ದಾಟಿದ್ದರೂ ನೆನಪು ಚುರುಕಾಗಿತ್ತು. ಧನಪಾಲ್ ತಾನು ಯಾರ ಮಗನೆಂದು ತಿಳಿಸಿ, ಸಂಗತಿಯನ್ನೆಲ್ಲ ಬಿಡಿಸಿ ಹೇಳಿ, ಕಾಗದ ಕೊಟ್ಟ. ಮುದುಕರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

"ಇದು ಸುಳ್ಳು ಕಣಪ್ಪ."

ಧನಪಾಲ್ ತಲೆ ತಗ್ಗಿಸಿದ. ತನಗೂ ಗೊತ್ತು ಎಂದ.

"ಏನ್ ಗೊತ್ತು ನಿಂಗೆ? ನೀನಾಗ ಮೂರು ವರ್ಷದ ಕೂಸು."

ಮುದುಕರು ಮೆಲ್ಲಗೆ ಹೇಳತೊಡಗಿದರು. ಆ ವರ್ಷ ಮಳೆಗಾಲದ ಒಂದು ದಿನ, ಸಂಜೆಯೊಳಗೆ ವ್ಯಾಗನ್ ತುಂಬಬೇಕಿತ್ತು. ಅವಸರಕ್ಕೆ ತಾವೇ ಮುನಿಯಪ್ಪನ ಬೆನ್ನಿಗೆ ಒಂದರ ಮೇಲೊಂದು ಎರಡು ಮೂಟೆ ಹೇರಿಸಿದ್ದರು. ವ್ಯಾಗನ್ ಹತ್ತುವ ಹಲಗೆ ಮಳೆಗೆ ನೆಂದಿತ್ತು, ಜಾರಿತು. ಮುನಿಯಪ್ಪ ಮೂಟೆಗಳ ಕೆಳಗೆ ಬಿದ್ದ, ಮೂರು ತಿಂಗಳು ಏಳಲಿಲ್ಲ. ಊರವರೆಲ್ಲ ಸಾಹುಕಾರರ ಕಡೆ ಬೆರಳು ತೋರಿಸಿದರು.

"ಅದಕ್ಕೇ ನಾನೇ ಹಬ್ಬಿಸ್ದೆ, ಅವನ ವಂಶದ್ ಬೆನ್ನೇ ಹಂಗೆ ಅಂತ. ನಿಮ್ಮಪ್ಪನ ಮುಂದೂ ಅಂದೆ. ಪಾಪ, ಅವನೂ ನಂಬ್ಬಿಟ್ಟ."

ಧನಪಾಲ್ ಜಗಲಿಯ ಕಂಬ ಹಿಡಿದುಕೊಂಡ. ಸಿಟ್ಟು ಬಂತು, ಬಾರದೆ ಇರುತ್ತದೆಯೇ. ಈ ಮುದುಕ ತನ್ನ ಮಾನ ಉಳಿಸಿಕೊಳ್ಳಲು ಆಡಿದ ಮಾತನ್ನು ಅಪ್ಪ ಸಾಯುವ ತನಕ ಹೊತ್ತ. ಮಗ ಅದನ್ನೇ ಕೊಂಡೊಯ್ದು ಡಾಕ್ಟರಿಗೆ ಒಪ್ಪಿಸಿದ. ಆದರೆ ಸಿಟ್ಟಿಗಿಂತ ಮುಂಚೆ ಅಪ್ಪ ಬೇಕೆನ್ನಿಸಿತು. ಈಗಲೇ, ಈ ಜಗಲಿಯಲ್ಲಿ, ಒಂದು ಗಳಿಗೆ ಪಕ್ಕದಲ್ಲಿ ನಿಂತಿರಬೇಕಿತ್ತು ಅನ್ನಿಸಿತು.

"ಹಂಗಾದ್ರೆ ಇದನ್ನೇ ಬರ್ಕೊಡಿ ಸಾವ್ಕಾರ್ರೆ," ಎಂದ.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಮಗ ಕಾಂತರಾಜ್ ಹೊರಗೆ ಬಂದು, ಈ ವಯಸ್ಸಿನಲ್ಲಿ ಹಳೆಯದನ್ನು ಕೆದಕಿ ಹೆಸರು ಕೆಡಿಸಿಕೊಳ್ಳಬೇಕೇ ಎಂದು ತಡೆಯಲು ನೋಡಿದ. ಮುದುಕರು ಅವನ ಕೈಯಿಂದಲೇ ಪೆನ್ನು ಕೇಳಿ ಇಸಿದುಕೊಂಡರು. ಟೈಪು ಮಾಡಿದ್ದಕ್ಕೆ ಅಡ್ಡಗೆರೆ ಎಳೆದು, ಹಾಳೆ ತಿರುಗಿಸಿ ಹಿಂದುಗಡೆ ಬರೆದರು: ‘ಮುನಿಯಪ್ಪನ ಬೆನ್ನು ಮೊದಲು ನೆಟ್ಟಗಿತ್ತು. ನನ್ನ ಕೆಲಸದಲ್ಲಿ, ನನ್ನ ಅವಸರಕ್ಕೆ ಹೋಯಿತು. ವಂಶದ ಮಾತು ನಾನು ಕಟ್ಟಿದ್ದು.’ ಸಹಿ ಹಾಕಿ, ತಾರೀಖು ನಮೂದಿಸಿ, ಇಷ್ಟು ಸಾಕೇ ಎಂದು ಕೇಳಿದರು. ಸಾಕು ಎಂದು ಧನಪಾಲ್ ಕಾಗದ ಇಸಿದುಕೊಂಡ. ಕೈ ಮುಗಿಯಲಿಲ್ಲ.

ವಾಪಸು ರೈಲಿಗೆ ಇನ್ನೂ ಹೊತ್ತಿತ್ತು. ಹಿಂದೆ ವ್ಯಾಗನ್‌ಗಳು ನಿಲ್ಲುತ್ತಿದ್ದ ಕಡೆಗೆ ನಡೆದುಹೋಗಿ ಪ್ರತಿಮಾಳಿಗೆ ಫೋನು ಮಾಡಿದ. ಸೈನ್ ಹಾಕಿದರಾ ಎಂದು ಕೇಳಿದಳು. ಹಾಕಿದರು, ಆದರೆ ನಾವು ಬರೆದದ್ದಕ್ಕಲ್ಲ ಎಂದು ಹೇಳಿ, ಮೂರು ಸಾಲನ್ನೂ ಓದಿದ. ಅವಳು ಇನ್ನೊಂದು ಸಲ ಓದಿಸಿದಳು. ಇನ್ನು ವಂಶದ ಮಾತೆತ್ತಲು ಯಾರಿಗೂ ಬಾಯಿಲ್ಲ, ನಾಳೆಯೇ ರಿಜಿಸ್ಟರ್ ಪೋಸ್ಟ್ ಮಾಡೋಣ ಎಂದಳು. ಅವನು ಆಗಲಿ ಎಂದ. ಆದರೂ ಫೋನು ಇಡಲಿಲ್ಲ. ಏನಾಯ್ತು, ಬೆನ್ನು ನೋಯ್ತಿದೆಯಾ ಎಂದು ಅವಳು ಕೇಳಿದಳು.

"ನಮ್ಮಪ್ಪನ ಬೆನ್ನು ನೆಟ್ಟಗಿತ್ತಂತೆ ಕಣೇ," ಎಂದ. "ಅವನಿಗೇ ಗೊತ್ತಿರ್ಲಿಲ್ಲ."